ಇಪ್ಪತ್ತನಾಲ್ಕು ಪಟ್ಟು ಬೇಡ, ಹನ್ನೆರಡು ಸಾಕು

ಪ್ರಶ್ನೆ: ಎಚ್‌-1ಬಿ ವೀಸಾದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಬಳಿ ಇದ್ದೇನೆ. ಪರಿಚಯದ ರೈತರ ಸೋಯಾ ಹೊಲವನ್ನು ಬಿಲ ತೋಡುವ, ದೊಡ್ಡ ಅಳಿಲಿನಂಥ ಪ್ರಾಣಿಗಳಾದ ಗ್ರೌಂಡ್‌ಹಾಗ್‌ಗಳು ಅಂಚಿನಿಂದ ಮೇಯುತ್ತಾ ಬರುತ್ತಿವೆ. ಹೊಡೆಯಲು ಅವರು ಒಪ್ಪಿಗೆ ಕೊಟ್ಟಿದ್ದಾರೆ. ನನ್ನಲ್ಲಿ .223 ಬೋಲ್ಟ್ ಆಕ್ಷನ್ ರೈಫಲ್ ಇದೆ, ಅದರ ಮೇಲೆ ಕೂರಿಸುವ ಗುರಿ ದುರ್ಬೀನು, ಅಂದರೆ ಸ್ಕೋಪ್, ಇಲ್ಲ. 250 ಡಾಲರಿಗೆ 6-24×50 ಸ್ಕೋಪ್ ಸಿಗುತ್ತದೆ. ಕೊಳ್ಳಲೇ? ಮುಂದೆ ಅದನ್ನು ವಿರಾಜಪೇಟೆಯ ಅಣ್ಣನಿಗೆ ತಂದುಕೊಡುವ ಆಸೆಯೂ ಇದೆ.

ಉತ್ತರ: ಕೊಳ್ಳಬೇಡಿ. ಆ ಬೆಲೆಗೆ ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸುವ ಸ್ಕೋಪ್ ಕೊಡಬೇಕಾದರೆ ಗಾಜಿನಲ್ಲೋ ಒಳಗಿನ ತಿರುಪುಗಳಲ್ಲೋ ಎಲ್ಲಿಯೋ ಒಂದು ಕಡೆ ಕೈ ಬಿಗಿ ಹಿಡಿದಿರುತ್ತಾರೆ.

ನಾನೂ ಕೊಡಗಿನವನೇ. ಪೆನ್ಸಿಲ್ವೇನಿಯಾದಲ್ಲಿ ಹದಿನೆಂಟು ವರ್ಷ ಇದ್ದೆ. ಮೊದಲ ಬೇಸಿಗೆಯಲ್ಲಿ ಇಂಥದ್ದೇ ಒಂದನ್ನು ಕೊಂಡಿದ್ದೆ. ಜುಲೈ ತಿಂಗಳ ಒಂದು ಸಂಜೆ, ಬೇಲಿಯ ಬುಡದಲ್ಲಿ ಗ್ರೌಂಡ್‌ಹಾಗ್ ಹಿಂಗಾಲಿನ ಮೇಲೆ ಎದ್ದು ನಿಂತಿತ್ತು. ಬರಿಗಣ್ಣಿಗೇ ಕಾಣುತ್ತಿತ್ತು. ಸ್ಕೋಪನ್ನು 24ಕ್ಕೆ ತಿರುಗಿಸಿದೆ. ಕಂದು ಮಣ್ಣು, ಕಂದು ತುಪ್ಪಳ ಒಂದರೊಳಗೊಂದು ಕಲಸಿಹೋದವು. ನೆಲದ ಬಿಸಿಗೆ ಇಡೀ ಚಿತ್ರ ಹೊಳೆಯ ತಳದ ಕಲ್ಲಿನಂತೆ ಅಲುಗುತ್ತಿತ್ತು. ಆದರೂ ಗುಂಡು ಹಾರಿಸಿದೆ. ಪೆಟ್ಟು ಸೊಂಟಕ್ಕೆ ಬಿತ್ತು. ಪ್ರಾಣಿ ತೆವಳಿಕೊಂಡು ಬಿಲ ಸೇರಿತು. ಬಿಲದ ಬಾಯಿಯ ಹಸಿ ಮಣ್ಣಿನ ಮೇಲೆ ಅದು ಹೊಟ್ಟೆ ಎಳೆದ ಗೆರೆ ಉಳಿದಿತ್ತು. ಒಳಗೆ ಹೋದ ಗಾಯಾಳುವನ್ನು ಹೊರಗೆ ತೆಗೆದು ನೋವು ಮುಗಿಸುವುದು ನನ್ನ ಕೈಲಾಗಲಿಲ್ಲ. ಆದ್ದರಿಂದ ನಿಮಗೆ ನನ್ನ ಮೊದಲ ಮಾತು: ದೊಡ್ಡದಾಗಿ ಕಾಣಿಸುವ ಗಾಜು ಬೇಡ, ಬಿಡಿಸಿ ಕಾಣಿಸುವ ಗಾಜು ಬೇಕು.

ಲೆಕ್ಕ ಸುಲಭ. ಮುಂಭಾಗದ ಮಸೂರದ ಅಳತೆಯನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ, ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. ಮಬ್ಬು ಬೆಳಕಿನಲ್ಲಿ ಆ ಕಂಬ ಪಾಪೆಯಷ್ಟು ಅಗಲವಿದ್ದರೆ ಚಿತ್ರ ಬೆಳಕಾಗಿ ಕಾಣುತ್ತದೆ. 50 ಮಿಲಿಮೀಟರ್ ಮಸೂರ 24 ಪಟ್ಟಿನಲ್ಲಿ ಎರಡು ಮಿಲಿಮೀಟರ್ ಚಿಲ್ಲರೆ ಕೊಡುತ್ತದೆ. 40ರ ಮಸೂರ 8 ಪಟ್ಟಿನಲ್ಲಿ ಐದು ಕೊಡುತ್ತದೆ. ಮುಸ್ಸಂಜೆಯಲ್ಲಿ ನಮ್ಮ ಪಾಪೆ ಐದು ಮಿಲಿಮೀಟರಿಗೂ ಮಿಕ್ಕಿ ಅರಳಬಲ್ಲುದು. ಗ್ರೌಂಡ್‌ಹಾಗ್ ಮೇಯಲು ಹೊರಬರುವುದು ಹೆಚ್ಚಾಗಿ ಬೆಳಗಿನ ಜಾವದ ನಂತರ ಮತ್ತು ಇಳಿಹೊತ್ತಿನಲ್ಲಿ.

ನಿಮ್ಮ ಹಣಕ್ಕೆ 4-12×40 ಸರಿಯಾದ ಆಯ್ಕೆ. ದೂರಕ್ಕೆ ತಕ್ಕಂತೆ ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಗೆರೆಯೂ ಸರಿದಂತೆ ಕಾಣುವ ದೋಷ) ತಿದ್ದುವ ಉಂಗುರ ಇರುವುದನ್ನೇ ಕೇಳಿ ಪಡೆಯಿರಿ. ಸಾಮಾನ್ಯ ಬೇಟೆ ಸ್ಕೋಪುಗಳಲ್ಲಿ ಅದನ್ನು 100 ಗಜಕ್ಕೆ ಹೊಂದಿಸಿ ಬಿಟ್ಟಿರುತ್ತಾರೆ. 250 ಗಜದಲ್ಲಿ ಕಣ್ಣು ಸ್ವಲ್ಪ ಸರಿದರೂ ಗುರಿಗೆರೆ ಪ್ರಾಣಿಯ ಮೇಲಿಂದ ಜಾರಿದಂತೆ ಕಾಣುತ್ತದೆ. ಜಿಂಕೆಗೆ ಅದು ನಡೆದೀತು, ಇಷ್ಟು ಚಿಕ್ಕ ಗುರಿಗೆ ನಡೆಯದು. ಗುರಿಗೆರೆಗಳು ಎರಡನೇ ಫೋಕಲ್ ಪ್ಲೇನಿನಲ್ಲಿ, ಅಂದರೆ ಸ್ಕೋಪಿನೊಳಗೆ ಕಣ್ಣಿನ ಕಡೆಗೆ, ಇರಲಿ. ಪಟ್ಟು ಏರಿಸಿದರೂ ಅವು ದಪ್ಪವಾಗುವುದಿಲ್ಲ, ಬೆಲೆಯೂ ಕಡಿಮೆ. ಗುರಿಗೆರೆಗೆ ದೀಪ ಬೇಡ.

ವೋರ್ಟೆಕ್ಸ್, ಲ್ಯೂಪೋಲ್ಡ್ ಎರಡೂ ಕಂಪನಿಗಳಲ್ಲಿ ಈ ಅಳತೆಯವು ಇವೆ. ಸೆಕೆಂಡ್ ಹ್ಯಾಂಡ್ ಕೊಳ್ಳಲು ಹಿಂಜರಿಯಬೇಡಿ. ವೋರ್ಟೆಕ್ಸ್‌ನ ಜೀವಮಾನ ಖಾತರಿ ಕೈ ಬದಲಾದರೂ ಉಳಿಯುತ್ತದೆ. ನಿಕಾನ್ ರೈಫಲ್ ಸ್ಕೋಪ್ ಮಾಡುವುದನ್ನೇ ನಿಲ್ಲಿಸಿದೆ. ಅದರ ಹಳೆಯ ಸ್ಕೋಪುಗಳ ಗಾಜು ನನಗೆ ಬಹಳ ಇಷ್ಟ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಸ್ಕೋಪುಗಳೂ ಚೆನ್ನಾಗಿಯೇ ಕಾಣುತ್ತವೆ. ಸಂಜೆ ಹೋಗಿ, ಬಾಗಿಲಿನ ಹೊರಗೆ ನಿಂತು, ಮರದ ನೆರಳಿನ ತೊಗಟೆಯನ್ನು ನೋಡಿ ಎರಡನ್ನು ಹೋಲಿಸಿ.

ಸ್ಕೋಪನ್ನು ರೈಫಲಿಗೆ ಹಿಡಿದಿಡುವ ರಿಂಗ್ ಮತ್ತು ಬೇಸ್‌ಗಳಿಗಾಗಿ ಐವತ್ತು ಡಾಲರ್ ಎತ್ತಿಡಿ. ರಿಂಗಿನ ತಿರುಪುಗಳನ್ನು ಅಂದಾಜಿನಲ್ಲಿ ಬಿಗಿಯಬೇಡಿ. ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್ ಬಿಗಿತ ಸಾಕು, ರಿಂಗಿನ ಜೊತೆ ಬರುವ ಚೀಟಿ ನೋಡಿಕೊಳ್ಳಿ. ಆಮೇಲೆ 100 ಗಜದಲ್ಲಿ ಒಂದು ಪರೀಕ್ಷೆ. ಉದ್ದಕ್ಕೂ ಒಂದೇ ಗುರಿಬಿಂದು ಇರಲಿ. ಮೊದಲು ಒಂದು ಗುಂಡು ಹೊಡೆಯಿರಿ. ನಂತರ ಸ್ಕೋಪಿನ ಗುರಿ ಹೊಂದಿಸುವ ಗುಂಡಿಗಳನ್ನು 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ ತಿರುಗಿಸುತ್ತಾ ಪ್ರತಿ ಸಲವೂ ಒಂದೊಂದು ಗುಂಡು. ಕ್ಲಿಕ್ಕಿಗೆ ಕಾಲು ಇಂಚಿನ ಸ್ಕೋಪಾದರೆ ಸುಮಾರು ಐದು ಇಂಚಿನ ಚೌಕ ಮೂಡಿ, ಕೊನೆಯ ಗುಂಡು ಮೊದಲ ತೂತಿನ ಬಳಿಗೇ ಬರಬೇಕು. ಬರದಿದ್ದರೆ ಮೊದಲು ತಿರುಪುಗಳನ್ನು ನೋಡಿ, ಅವು ಬಿಗಿಯಾಗಿದ್ದರೆ ಸ್ಕೋಪನ್ನು ಹಿಂದಿರುಗಿಸಿ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ನಿಮ್ಮ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ತಡೆಯಿದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅದರಿಂದ ವಿನಾಯಿತಿ ಕೊಡುತ್ತದೆ. ಪೆನ್ಸಿಲ್ವೇನಿಯಾದ ಪರವಾನಗಿ ಜೂನ್ 30ಕ್ಕೆ ಮುಗಿಯುತ್ತದೆ, ಅಂದರೆ ಸೋಯಾ ಎಳೆಯದಾಗಿರುವಾಗಲೇ. ಒಂದು ದಿನವೂ ಬಿಡುವು ಬೀಳದಂತೆ ಹೊಸದನ್ನು ಮಾಡಿಸಿಕೊಳ್ಳಿ.

ಇನ್ನು ಅಣ್ಣನ ವಿಷಯ. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣಕ್ಕೆ ಒಳಪಟ್ಟ ವಸ್ತು. ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ. ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಬೇಟೆಗೆ ಕೊಟ್ಟ ಅನುಮತಿಯಲ್ಲ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಒಂದೇ. ಅಣ್ಣನಿಗೆ ಒಂದು 8×42 ದುರ್ಬೀನು ತನ್ನಿ. ಕಾಫಿ ತೋಟದ ನೆರಳಿನಲ್ಲಿ, ಸಿಲ್ವರ್ ಓಕ್ ಮರದ ಮೇಲಿನ ಹಕ್ಕಿ ನೋಡಲು ಅದರಷ್ಟು ಒಳ್ಳೆಯ ಅಳತೆ ಇನ್ನೊಂದಿಲ್ಲ.