ಪ್ರಾರ್ಥನೆ ಫಲಿಸಿದ ಮೇಲೆ ತಲೆ ತಿರುಗದಂತೆ ಇರುವುದು ಹೇಗೆ?

ನೀವು ಕೇಳಿದ್ದು ಇಷ್ಟು: 21 ದಿನ ಉಪವಾಸ ಪ್ರಾರ್ಥನೆ ಮಾಡಿದಿರಿ, ಅಮ್ಮನ ಆಪರೇಷನ್ ಸುಸೂತ್ರವಾಯಿತು, ಅದೇ ತಿಂಗಳು ಕೆಲಸದ ಆರ್ಡರ್ ಬಂತು. ಈಗ ಆರಾಧನೆ ಮುಗಿದು ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಜನ 'ನಮಗೂ ಒಂದು ಪ್ರಾರ್ಥನೆ ಮಾಡಿ' ಅನ್ನುತ್ತಾರೆ, ಒಳಗೊಳಗೇ ಉಬ್ಬಿದ ಹಾಗಾಗುತ್ತದೆ.

ಮನಸ್ಸನ್ನು ಹಿಡಿದು ತಗ್ಗಿಸಲು ಕೂರಬೇಡಿ. 'ಇವತ್ತು ಎಷ್ಟು ತಗ್ಗಿದೆ' ಅಂತ ಅಳೆಯುತ್ತ ಕೂತರೆ ಅದೂ ನಿಮ್ಮದೇ ನಾಮಜಪ. ಮೊದಲು ಸಾಕ್ಷಿ, ಅಂದರೆ ದೇವರು ಮಾಡಿದ್ದನ್ನು ಸಭೆಯ ಮುಂದೆ ಹೇಳುವುದು, ಅದರ ರೀತಿಯನ್ನು ಸರಿಮಾಡಿಕೊಳ್ಳಿ. ಜಾರುವುದು ಹೆಚ್ಚಾಗಿ ಅಲ್ಲಿಯೇ.

ಬೈಬಲ್ಲಿನಲ್ಲಿ 2 ಅರಸುಗಳು 20ನೇ ಅಧ್ಯಾಯ ತೆಗೆಯಿರಿ. ಯೆಹೂದದ ಅರಸ ಹಿಜ್ಕೀಯ ಸಾಯುವ ಸ್ಥಿತಿಯಲ್ಲಿದ್ದ, ಅತ್ತು ಬೇಡಿಕೊಂಡ, ಆಯುಸ್ಸಿಗೆ 15 ವರ್ಷ ಸೇರಿತು. ಕಾಯಿಲೆಯ ಸುದ್ದಿ ಕೇಳಿ ಬಾಬೆಲಿನಿಂದ ದೂತರು ಬಂದರು. ವಾಸಿ ಮಾಡಿದವನು ಯಾರೆಂದು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ಅವನು ಕರೆದುಕೊಂಡು ಹೋಗಿ ತೋರಿಸಿದ್ದು ತನ್ನ ಬೆಳ್ಳಿ, ಬಂಗಾರ, ಆಯುಧಶಾಲೆ. ಪಡೆದ ಉಪಕಾರಕ್ಕೆ ತಕ್ಕಂತೆ ನಡೆಯದೆ ಅವನ ಮನಸ್ಸು ಉಬ್ಬಿತು ಅಂತ 2 ಪೂರ್ವಕಾಲವೃತ್ತಾಂತ 32:25 ನೇರವಾಗಿಯೇ ಹೇಳುತ್ತದೆ. ಇನ್ನೊಂದು ಸಣ್ಣ ವಿವರ ನನಗೆ ಇಷ್ಟ: ದೇವರು ಗುಣಪಡಿಸುತ್ತೇನೆ ಎಂದ ಮೇಲೂ ಹುಣ್ಣಿನ ಮೇಲೆ ಅಂಜೂರದ ಉಂಡೆ ಇಡಿಸಿದರು. ಔಷಧಿಯೂ ಉತ್ತರದೊಳಗೇ ಇತ್ತು.

ಈಗ ನಿಮ್ಮ ಸಾಕ್ಷಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. '21 ದಿನ ಉಪವಾಸ ಮಾಡಿದೆ, ಬಿಡದೆ ಬೇಡಿಕೊಂಡೆ, ಗಟ್ಟಿಯಾಗಿ ನಂಬಿದೆ, ದೇವರು ಕೊಟ್ಟರು' ಅಂತ ಇರುತ್ತದೆ. 'ನಾನು' ಎಲ್ಲೂ ಇಲ್ಲ ಅನಿಸುತ್ತದೆ. ಆದರೆ ಕನ್ನಡದಲ್ಲಿ 'ನಾನು' ಕ್ರಿಯಾಪದದ ಬಾಲದಲ್ಲಿ ಅಡಗಿ ಕೂರುತ್ತದೆ: ಮಾಡಿದೆ, ಬೇಡಿಕೊಂಡೆ, ನಂಬಿದೆ. ನಾಲ್ಕರಲ್ಲಿ ಮೂರು ನಿಮ್ಮವು, ದೇವರ ಪಾಲಿಗೆ ಒಂದು! ತಿದ್ದಿ ಬರೆಯಿರಿ: 'ಅಮ್ಮನಿಗೆ ಗುಣವಾಯಿತು. ಡಾಕ್ಟರು ನೋಡಿಕೊಂಡರು, ಚಿಕ್ಕಮ್ಮ ರಾತ್ರಿ ಕಾದರು. ದೇವರು ನಮಗೆ ಅಮ್ಮನನ್ನು ಉಳಿಸಿಕೊಟ್ಟರು.' ಉಪವಾಸದ ದಿನಗಳ ಲೆಕ್ಕ ಬಿಟ್ಟುಬಿಡಿ. ಅದು ಕೇಳುವವರಿಗೆ ಸೂತ್ರವಾಗುತ್ತದೆ. 21 ದಿನ ಮಾಡಿಯೂ ಸಿಗದವರು ತಮ್ಮ ನಂಬಿಕೆಯೇ ಕಮ್ಮಿ ಅಂದುಕೊಳ್ಳುತ್ತಾರೆ. ಸಾಕ್ಷಿಗೆ ಮೂರು ನಿಮಿಷ ಸಾಕು. 'ನಾನು ಬರೀ ಧೂಳು' ಎಂಬ ಪೀಠಿಕೆಯೂ ಬೇಡ, ಅದು ಹೊಗಳಿಕೆಗೆ ಹಾಕುವ ಗಾಳ.

ನಮ್ಮ ಕಡೆ ತೋಟದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. 'ಪ್ರಾರ್ಥನೆ ಮಾಡಿದ್ದಕ್ಕೆ ನಮ್ಮ ಅಡಿಕೆಗೆ ಕೊಳೆರೋಗ ಬರಲಿಲ್ಲ' ಅನ್ನುವ ಮೊದಲು ನೆನಪು ಮಾಡಿಕೊಳ್ಳಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಹಾಕಿ ಬೋರ್ಡೋ ಎಂಬ ಔಷಧಿ ಮಾಡಿ, ಮಳೆ ಹಿಡಿಯುವ ಮೊದಲೇ ಮರ ಹತ್ತಿ ಹೊಡೆದುಕೊಟ್ಟ ಕೊನೆಗಾರ ಒಬ್ಬನಿದ್ದಾನೆ. ಪಕ್ಕದ ತೋಟದವರೂ ಪ್ರಾರ್ಥನೆ ಮಾಡಿರಬಹುದು. 40-45 ದಿನದ ಮೇಲೆ ಎರಡನೇ ಸಲ ಹೊಡೆಯುವ ಹೊತ್ತಿಗೆ ಅವರಿಗೆ ಮಳೆ ಬಿಡುವು ಕೊಟ್ಟಿರಲಿಕ್ಕಿಲ್ಲ, ಕೊಳೆ ಬಂದಿರಬಹುದು. ಅವರ ಮುಂದೆ ನಿಮ್ಮ ಸಾಕ್ಷಿ ಹೇಳಬೇಡಿ. ಉದುರಿದ ಕಾಯಿ ಹೆಕ್ಕಲು ಒಂದು ದಿನ ಆಳಾಗಿ ಹೋಗಿ.

ಹರಕೆ ಹೊತ್ತಿದ್ದರೆ ತಡಮಾಡದೆ ತೀರಿಸಿ (ಪ್ರಸಂಗಿ 5:4). ತಿಂಗಳು ಕಳೆದರೆ 'ಸಂಬಳ ನನ್ನ ದುಡಿಮೆ' ಅನಿಸತೊಡಗುತ್ತದೆ. ಧರ್ಮೋಪದೇಶಕಾಂಡ 8:17 ಎಚ್ಚರಿಸುವುದು ಇದನ್ನೇ. ಕಾಣಿಕೆಯನ್ನು ಹೆಸರಿಲ್ಲದ ಕವರಿನಲ್ಲಿ ಹಾಕಿ. ಚರ್ಚಿನಲ್ಲಿ ಕೃತಜ್ಞತಾ ಪೂಜೆಗೆ ಕೊಡುವವರಾದರೆ ಹೆಸರು ಓದುವುದು ಬೇಡ ಅಂತ ಫಾದರ್‌ಗೆ ಮೊದಲೇ ಹೇಳಬಹುದು. ಸುಗ್ಗಿ ಹಬ್ಬದ ಹರಾಜಿನಲ್ಲಿ ಮೈಕಿನಲ್ಲಿ ಹೆಸರು ಬರಲಿ ಅಂತ ಒಂದು ಚೀನಿಕಾಯಿಗೆ (ಸಿಹಿಗುಂಬಳಕ್ಕೆ) ಸಾವಿರ ಕೂಗುವುದನ್ನು ಈ ವರ್ಷ ಬಿಡಿ. ಯಾಜಕಕಾಂಡ 7:15ರಲ್ಲಿ ಕೃತಜ್ಞತಾಯಜ್ಞದ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನವರೆಗೆ ಉಳಿಸಬಾರದು ಅಂತಿದೆ. ಒಂದು ಹೋರಿಯನ್ನು ಒಂದೇ ಮನೆ ಒಂದು ದಿನದಲ್ಲಿ ತಿನ್ನಲಾದೀತೆ? ನಾಲ್ಕು ಜನರನ್ನು ಕರೆಯಲೇಬೇಕು. ನೀವೂ ಊಟಕ್ಕೆ ಕರೆಯಿರಿ, ಅಮ್ಮನ ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದವರ ಮನೆಯವರನ್ನೂ ಸೇರಿಸಿ.

'ನಮಗೂ ಪ್ರಾರ್ಥನೆ ಮಾಡಿ' ಅಂದವರಿಗೆ ಇಲ್ಲ ಅನ್ನಬೇಡಿ, ಮನೆಗೆ ಹೋಗಿ ಮಾಡುತ್ತೇನೆ ಅಂತಲೂ ಅನ್ನಬೇಡಿ. ಅಲ್ಲೇ, ಅವರ ಜೊತೆ ನಿಂತು ಎರಡು ವಾಕ್ಯ ಬೇಡಿಕೊಳ್ಳಿ. ಅವರ ಬಾಯಿಂದಲೂ ಒಂದು ವಾಕ್ಯ ಬರಲಿ. ಹುಟ್ಟುಕುಂಟನೊಬ್ಬ ಎದ್ದು ನಡೆದಾಗ, ನಮ್ಮ ಸ್ವಂತ ಶಕ್ತಿಯಿಂದಲೋ ಭಕ್ತಿಯಿಂದಲೋ ಇವನನ್ನು ನಡೆಸಿದೆವೆಂಬಂತೆ ನಮ್ಮನ್ನೇಕೆ ನೋಡುತ್ತೀರಿ ಅಂತ ಪೇತ್ರ ಕೇಳಿದ್ದು (ಅಪೊಸ್ತಲರ ಕೃತ್ಯಗಳು 3:12) ಇಂಥದೇ ಗುಂಪಿನ ಮುಂದೆ.

ಕೊನೆಯದು ನೋಟ್‌ಬುಕ್. ಸಿಕ್ಕಿದ ಉತ್ತರಗಳನ್ನು ಮಾತ್ರ ಬರೆದಿಡುವವರೇ ಹೆಚ್ಚು, ವರ್ಷದ ಕೊನೆಗೆ ಅದು ಅಂಕಪಟ್ಟಿಯಂತೆ ಕಾಣುತ್ತದೆ. ಒಂದೇ ಪುಟದಲ್ಲಿ ಮೂರು ಕಾಲಮ್ ಎಳೆಯಿರಿ: ಬೇಡಿದ್ದು, ಬಂದದ್ದು ಯಾರ ಕೈಯಿಂದ, ಇನ್ನೂ ಬಾರದ್ದು. ಪೌಲ ಮೂರು ಸಲ ಬೇಡಿದರೂ 'ಶರೀರದ ಮುಳ್ಳು' ಎಂದು ಅವನು ಕರೆದ ಬಾಧೆ ಹೋಗಲಿಲ್ಲ (2 ಕೊರಿಂಥ 12:8). ಅವನು ಅದನ್ನೂ ಪತ್ರದಲ್ಲಿ ಬರೆದು ಕಳಿಸಿದ.