ಸೇತ್ ರೋಗನ್ ಬರೀ ಹೆಸರು ಕೊಟ್ಟಿಲ್ಲ

ನಮಸ್ಕಾರ. ಹಾಲಿವುಡ್ ನಟ ಸೇತ್ ರೋಗನ್ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಸಂಸ್ಥೆಗೆ ಬರೀ ಹೆಸರು ಕೊಟ್ಟಿದ್ದಾರಾ, ನಿಜವಾಗಿ ಏನಾದರೂ ಮಾಡುತ್ತಾರಾ ಅಂತ ಕೇಳಿದ್ದೀರಿ. ಬೆಂಗಳೂರಿನಲ್ಲಿ ಅಪ್ಪನನ್ನು ನೋಡಿಕೊಳ್ಳುತ್ತಿದ್ದೀನಿ ಅಂತಲೂ ಬರೆದಿದ್ದೀರಿ.

ಅದು ಅವರ ಮನೆಯಿಂದಲೇ ಹುಟ್ಟಿದ ಕೆಲಸ. ಹೆಂಡತಿ ಲಾರೆನ್ ಮಿಲ್ಲರ್ ಕೂಡ ಬರಹಗಾರ್ತಿ. ಲಾರೆನ್ ತಾಯಿಗೆ ಆಲ್ಝೈಮರ್ಸ್, ಅಂದರೆ ಡಿಮೆನ್ಷಿಯಾ ತರುವ ಒಂದು ಕಾಯಿಲೆ, ಇದೆ ಅಂತ ಗೊತ್ತಾದಾಗ ವಯಸ್ಸು 55 ಅಷ್ಟೇ. ಗಂಡ ಹೆಂಡತಿ ಸೇರಿ 2012ರಲ್ಲಿ ಹಿಲ್ಯಾರಿಟಿ ಫಾರ್ ಚಾರಿಟಿ ಅನ್ನೋ ಈ ಸಂಸ್ಥೆ ಶುರು ಮಾಡಿದರು. ಹಾಸ್ಯ ಕಾರ್ಯಕ್ರಮ ನಡೆಸಿ ಹಣ ಕೂಡಿಸುತ್ತಾರೆ. ನನಗೆ ಜಾಸ್ತಿ ಇಷ್ಟವಾಗಿದ್ದು ಆ ಹಣ ಎಲ್ಲಿಗೆ ಹೋಗುತ್ತೆ ಅನ್ನೋದು. ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯವರಿಗೂ ಅದು ಸಿಗುತ್ತದೆ. ಆ ಹಣದಲ್ಲಿ ಕೆಲವು ಗಂಟೆ ಸಹಾಯಕರು ಮನೆಗೆ ಬರುತ್ತಾರೆ. ಅಷ್ಟು ಹೊತ್ತು ಮಗಳೋ ಗಂಡನೋ ಮಲಗಬಹುದು. ನಾನು ನಾಲ್ಕು ವರ್ಷ ಅತ್ತೆಯನ್ನು ನೋಡಿಕೊಂಡವಳು. ಎರಡು ಗಂಟೆ ನಿದ್ದೆ ಎಂಥದ್ದು ಅಂತ ನಿಮಗೂ ಗೊತ್ತು ಅಲ್ವಾ?

2014ರಲ್ಲಿ ಸೇತ್ ಅಮೆರಿಕದ ಸೆನೆಟ್ (ಸಂಸತ್ತಿನ ಮೇಲ್ಮನೆ) ಸಮಿತಿ ಮುಂದೆ ಆಲ್ಝೈಮರ್ಸ್ ಬಗ್ಗೆ ಮಾತಾಡಿದರು. ಸದಸ್ಯರ ಬಹಳಷ್ಟು ಕುರ್ಚಿ ಖಾಲಿ ಇದ್ದವು. ಆ ಬೇಸರವನ್ನು ಅವರು ಮುಚ್ಚಿಡಲಿಲ್ಲ. 2019ರಲ್ಲಿ ಗೆಳೆಯನ ಜೊತೆ ಹೌಸ್‌ಪ್ಲಾಂಟ್ ಅನ್ನೋ ಗಾಂಜಾ ಉತ್ಪನ್ನಗಳ ಕಂಪನಿ ಶುರುವಾದ ಮೇಲೂ ಈ ಕೆಲಸ ಬಿಟ್ಟಿಲ್ಲ.

ನಿಮ್ಮೂರಲ್ಲೇ ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇದೆ. ಅಪ್ಪನ ವಿಷಯ ಹೇಳಿ, ಹಗಲು ಹೊತ್ತು ನೋಡಿಕೊಳ್ಳುವ ವ್ಯವಸ್ಥೆ ಬಗ್ಗೆ ಒಮ್ಮೆ ವಿಚಾರಿಸಿ.