ಮುಚ್ಚದೆ ಬಿಟ್ಟ ಒಂದು ತೂತು

ಸಾಮೂಹಿಕ ಹತ್ಯೆ ನಡೆದ ಮೇಲೆ ಧಾರ್ಮಿಕ ಸಮುದಾಯಗಳು ಏನು ಮಾಡಬಹುದು, ಪ್ರಾರ್ಥನೆಯಿಂದ ಅಂಥ ಗಾಯ ಮಾಯುತ್ತದೆಯೇ ಎಂದು ಕೇಳಿದ್ದೀರಿ.

ನಾನು ಬೀದರಿನವನು. ಗುರುದ್ವಾರ ಎಂದರೆ ನನಗೆ ಗುರುನಾನಕ್ ಝೀರಾದ ಲಂಗರ್, ಅಂದರೆ ಎಲ್ಲರಿಗೂ ಉಚಿತವಾಗಿ ಬಡಿಸುವ ಊಟದ ಪಂಕ್ತಿ, ಬೊಗಸೆಯೊಡ್ಡಿದ ಕೈಗೆ ಬೀಳುವ ಬಿಸಿ ರೊಟ್ಟಿ. ಆದರೆ 1988ರ ಸೆಪ್ಟೆಂಬರಿನಲ್ಲಿ ಇದೇ ಊರಿನಲ್ಲಿ ಸಿಖ್ ವಿದ್ಯಾರ್ಥಿಗಳನ್ನು ಕೊಂದರು. ಅವರ ನೆನಪಿನ ಒಂದು ಗುರುತೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮಾತೆತ್ತಿದರೆ ಹಿರಿಯರು 'ಆದದ್ದಾಯಿತು, ಈಗೇಕೆ ಬಿಡು' ಎನ್ನುತ್ತಿದ್ದರು. ಅಮೆರಿಕದ ಓಕ್ ಕ್ರೀಕ್ ನನ್ನನ್ನು ಕಾಡುವುದು ಇದಕ್ಕಾಗಿಯೇ.

2012ರ ಆಗಸ್ಟ್ 5, ಭಾನುವಾರ. ವಿಸ್ಕಾನ್ಸಿನ್ ರಾಜ್ಯದ ಆ ಊರಿನ ಗುರುದ್ವಾರಕ್ಕೆ ಬಿಳಿಯರೇ ಶ್ರೇಷ್ಠರೆಂಬ ದ್ವೇಷ ತುಂಬಿಕೊಂಡಿದ್ದವನೊಬ್ಬ ಬಂದೂಕು ಹಿಡಿದು ನುಗ್ಗಿದ. ಲಂಗರ್‌ಗೆ ಅಡುಗೆ ಮಾಡುತ್ತಿದ್ದ ಹೆಂಗಸರು ಉಗ್ರಾಣದಲ್ಲಿ ಅಡಗಿದರು. ಒಲೆಯ ಮೇಲೆ ಅಡುಗೆ ಸೀದು ಹೋಗುತ್ತಿತ್ತು, ಹೊರಬಂದು ಆರಿಸುವಂತಿರಲಿಲ್ಲ. ಆರು ಜನರ ಪ್ರಾಣ ಹೋಯಿತು.

ತನಿಖೆಯವರು ಕಟ್ಟಡ ಬಿಟ್ಟುಕೊಟ್ಟ ಕೂಡಲೇ ಭಕ್ತರೇ ಸೇರಿ ರಕ್ತದ ಕಲೆ ತೊಳೆದರು, ನೆಲಹಾಸು ಬದಲಿಸಿದರು, ಗುಂಡಿನ ತೂತುಗಳನ್ನು ಮುಚ್ಚಿದರು. ಒಂದನ್ನು ಮಾತ್ರ ಹಾಗೆಯೇ ಬಿಟ್ಟರು. ಅದು ಪ್ರಾರ್ಥನಾ ಮಂದಿರದ ಬಾಗಿಲ ಚೌಕಟ್ಟಿನಲ್ಲಿದೆ. ಅದರ ಕೆಳಗಿನ ಪುಟ್ಟ ಫಲಕದಲ್ಲಿ 'ನಾವೆಲ್ಲರೂ ಒಂದೇ' ಎಂಬರ್ಥದ ಮಾತು, ಆ ದಿನದ ತಾರೀಕು. ಪ್ರಾರ್ಥನೆಗೆ ಹೋಗುವವರು ಅದರ ಪಕ್ಕದಿಂದಲೇ ಹಾಯ್ದು ಹೋಗಬೇಕು. ಮರೆಯಬೇಡಿ ಎಂದು ಅಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಪ್ರಾರ್ಥನೆ ಬೇಡವೆನ್ನುತ್ತಿಲ್ಲ, ಅದರ ಜೊತೆಗೆ ನ್ಯಾಯವನ್ನೂ ಕೇಳಬೇಕು. ಅಲ್ಲಿ ತಾಯಿಯನ್ನು ಕಳೆದುಕೊಂಡ 18ರ ಹುಡುಗನೊಬ್ಬ ಮರುತಿಂಗಳೇ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿಯ ಮುಂದೆ ಕುಳಿತು, ಸಿಖ್ಖರ ಮೇಲಿನ ದ್ವೇಷಾಪರಾಧಗಳನ್ನು ಪ್ರತ್ಯೇಕವಾಗಿ ಲೆಕ್ಕವಿಡಿ ಎಂದು ಕೇಳಿದ. 2015ರಿಂದ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಆ ಲೆಕ್ಕ ಇಡತೊಡಗಿತು.

ದಯವಿಟ್ಟು ಒಂದು ತಪ್ಪು ಮಾಡಬೇಡಿ. ಮನೆಯವರನ್ನು ಕಳೆದುಕೊಂಡವರ ಬಳಿ ಹೋಗಿ ಕ್ಷಮಿಸಿಬಿಡಿ ಎನ್ನಬೇಡಿ. ಕ್ಷಮೆ ಅವರದು, ಕೊಡುವುದೂ ಬಿಡುವುದೂ ಅವರಿಗೆ ಸೇರಿದ್ದು. ಅದರ ಬದಲು ಟಿವಿಯವರು ಊರು ಬಿಟ್ಟ ಮೇಲೆ, ಮೂರನೆಯ ತಿಂಗಳು, ಮೂರನೆಯ ವರ್ಷ, ಯಾವ ಮನೆಗೆ ಯಾರು ಊಟ ಒಯ್ಯುತ್ತಾರೆ, ಆಸ್ಪತ್ರೆಯಲ್ಲಿ ಯಾರು ಕೂರುತ್ತಾರೆ ಎಂದು ಈಗಲೇ ಬರೆದಿಡಿ. ದಾಸೋಹದ ನಾಡಿನವರಿಗೆ ಇದು ಹೊಸದೇನಲ್ಲ.

ಓಕ್ ಕ್ರೀಕಿನ ಬಾಬಾ ಪಂಜಾಬ್ ಸಿಂಗ್ ಅವರಿಗೆ ಅಂದು ಗುಂಡು ತಗುಲಿ ಮೈಯೆಲ್ಲ ಸ್ವಾಧೀನ ತಪ್ಪಿತು, ಮಾತು ನಿಂತಿತು. ಮನೆಯವರು ವರ್ಷಗಟ್ಟಲೆ ಹಾಸಿಗೆಯ ಪಕ್ಕದಲ್ಲಿದ್ದರು. 'ಚಢ್ದಿ ಕಲಾದಲ್ಲಿದ್ದೀರಾ?' ಎಂದು ಮಗ ಕೇಳುತ್ತಿದ್ದರು. ಎಂಥ ಕಷ್ಟದಲ್ಲೂ ಕುಗ್ಗದ ಚೈತನ್ಯಕ್ಕೆ ಸಿಖ್ಖರು ಹೇಳುವ ಮಾತು ಅದು. ತಂದೆ ಎರಡು ಸಲ ರೆಪ್ಪೆ ಬಡಿಯುತ್ತಿದ್ದರು, ಹೌದು ಎಂದು. 2020ರಲ್ಲಿ ಅವರು ತೀರಿಕೊಂಡಾಗ ಸತ್ತವರ ಲೆಕ್ಕ ಏಳಾಯಿತು.